ಜ್ವರ ಕಟ್ಟಿದ ಕೊಂಬೆ

ಆ ಮರದ ಒಂದು ಕಡ್ಡಿಯನ್ನೂ ಒಲೆಗೆ ಹಾಕಬೇಡ ಎಂದು ಮನೆಯೊಡತಿ ಅಮ್ಮಾಜಿ ಹೇಳಿದಾಗ ಸುಜಾತಾ ನಕ್ಕುಬಿಟ್ಟಿದ್ದಳು.

ಘಾಜಿಯಾಬಾದಿನ ಆ ಬಾಡಿಗೆ ಮನೆಯ ಹಿತ್ತಿಲಲ್ಲಿ ಇಬ್ಬರು ತಬ್ಬಿದರೂ ಕೈ ಕೂಡದಷ್ಟು ದಪ್ಪದ ಕರಿಜಾಲಿ ಮರವಿತ್ತು. ಅದರ ಒಂದು ದೊಡ್ಡ ಕೊಂಬೆ ಒಣಗಿ, ಮಡಿಸಿದ ಮೊಣಕೈಯಂತೆ ನೆಲದತ್ತ ಬಾಗಿತ್ತು. ಕೊಂಬೆಯ ತುಂಬ ತುಕ್ಕು ಹಿಡಿದ ಮೊಳೆಗಳು. ಒಂದೊಂದು ಮೊಳೆಯ ಕೆಳಗೂ ಬಟ್ಟೆಯ ಚೂರು: ಕುಲಾವಿಯ ಅಂಚು, ಪುಟ್ಟ ಅಂಗಿಯ ತೋಳು, ಬಣ್ಣ ಕಳೆದುಕೊಂಡ ಲಂಗದ ಜರಿ. ಹಿಂದೆಲ್ಲ ಸುತ್ತಲಿನ ಹಳ್ಳಿಗಳಲ್ಲಿ ಮಗುವಿನ ಜ್ವರ ಇಳಿಯದಿದ್ದರೆ ತಾಯಂದಿರು ಮಂತ್ರವಾದಿಯನ್ನು ಕರೆಸುತ್ತಿದ್ದರಂತೆ. ಅವನು ಜ್ವರವನ್ನು ಮಗುವಿನ ಬಟ್ಟೆಯಲ್ಲಿ ಕಟ್ಟಿ ಆ ಕೊಂಬೆಗೆ ಮೊಳೆ ಹೊಡೆಯುತ್ತಿದ್ದನಂತೆ. ಜ್ವರ ಸಾಯುವುದಿಲ್ಲವಂತೆ. ಕೂರಲು ಜಾಗ ಸಿಕ್ಕರೆ ಸುಮ್ಮನಿರುತ್ತದಂತೆ, ಅಷ್ಟೇ.

"ಹಾಗಾದ್ರೆ ಮರಕ್ಕೂ ಒಂದು ಮಾತ್ರೆ ಕೊಡೋಣ ಅಮ್ಮಾಜಿ. ಊಟ ಆದ್ಮೇಲೆ, ಬಿಸಿನೀರಲ್ಲಿ," ಎಂದಿದ್ದಳು ಸುಜಾತಾ, ತನ್ನ ಮುರುಕು ಹಿಂದಿಯಲ್ಲಿ. ಮದುವೆಗೆ ಮುಂಚೆ ಕುಂದಾಪುರದ ಶಾಲೆಯೊಂದರಲ್ಲಿ ವಿಜ್ಞಾನ ಪಾಠ ಮಾಡಿದವಳು ಅವಳು. ಮುದುಕಿ ನಗಲಿಲ್ಲ. ಶಾಲು ಎಳೆದುಕೊಂಡು ಒಳಗೆ ಹೋಗಿದ್ದಳು.

ಅದು ದೀಪಾವಳಿಯ ಸಮಯ. ಜನವರಿ ಬಂದಾಗ ನಗು ಯಾರಿಗೂ ಉಳಿದಿರಲಿಲ್ಲ.

ಆ ವರ್ಷ, ಎರಡು ಸಾವಿರದ ಮೂರರಲ್ಲಿ, ಮಂಜು ಇಳಿದದ್ದು ಮೇಲೇಳಲೇ ಇಲ್ಲ. ಮಧ್ಯಾಹ್ನಕ್ಕೂ ಮುಸ್ಸಂಜೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಟ್ರಾನ್ಸ್‌ಫಾರ್ಮರ್ ಸುಟ್ಟು ಇಡೀ ಗಲ್ಲಿಗೆ ಕರೆಂಟಿಲ್ಲ. ಗಂಡ ಸುರೇಶ ತಾನು ಕೆಲಸಕ್ಕಿದ್ದ ದಿಲ್ಲಿಯ ಹೋಟೆಲಿನಲ್ಲೇ ಸಿಕ್ಕಿಕೊಂಡಿದ್ದ. ರೈಲು ಓಡುತ್ತಿರಲಿಲ್ಲ. ಐದು ವರ್ಷದ ಮಗಳು ನಿರೀಕ್ಷಾಳ ಎದೆಯಲ್ಲಿ ಕಫ ಗೊರಗುಟ್ಟುತ್ತಿತ್ತು. ಇಂಜೆಕ್ಷನ್ ಕೊಟ್ಟ ಡಾಕ್ಟರು ಬೆಡ್ ಖಾಲಿ ಇಲ್ಲವೆಂದು ಮನೆಗೆ ಕಳಿಸಿ, ಮಗುವನ್ನು ಬೆಚ್ಚಗಿಡಿ, ಈಗ ಅದೇ ಔಷಧ ಎಂದಿದ್ದರು.

ಬೆಚ್ಚಗಿಡುವುದು ಯಾವುದರಿಂದ? ಸೀಮೆಎಣ್ಣೆ ಮುಗಿದಿತ್ತು. ಇದ್ದಿಲಿನ ಅಂಗಡಿ ಬಾಗಿಲು ಹಾಕಿತ್ತು. ಟೊಮೇಟೊ ಪೆಟ್ಟಿಗೆ ಉರಿಯಿತು, ಮಣೆ ಉರಿಯಿತು, ಪೊರಕೆಯ ಹಿಡಿಯೂ ಉರಿಯಿತು. ಕೂಸನ್ನು ಆ ಚಳಿಗೆ ಯಾಕೆ ಕರ್ಕೊಂಡು ಹೋಗ್ತಿ ಎಂದು ಅತ್ತೆ ಕೇಳಿದ್ದು ಸುಜಾತಾಳಿಗೆ ನೆನಪಾಯಿತು. ಬರುತ್ತೇನೆಂದು ಹಟ ಮಾಡಿದವಳು ತಾನೇ. ಗಂಡನ ಜೊತೆ ಒಂದು ಸಂಸಾರ, ತನ್ನದೇ ಒಂದು ಒಲೆ ಬೇಕೆಂದು ಆಸೆಪಟ್ಟವಳು ತಾನೇ. ಮಗುವಿನ ತುಟಿ ನೀಲಿಗೆ ತಿರುಗಿದ್ದು ಕಂಡದ್ದೇ ಅವಳು ದನದ ಕೊಟ್ಟಿಗೆಯಿಂದ ಅಮ್ಮಾಜಿಯ ಕೊಡಲಿ ಎತ್ತಿಕೊಂಡಳು.

ಬಚ್ಚಲೊಲೆಗೆ ಕಟ್ಟಿಗೆ ಸೀಳಿಯೇ ಬೆಳೆದವಳು. ಕೊಂಬೆಯ ಅಡಿಗೆ ಮೊದಲೊಂದು ಕಚ್ಚು ಹಾಕಿ, ಆಮೇಲೆ ಮೇಲಿನಿಂದ ಕಡಿದಳು. ಜಾಲಿ ಕಬ್ಬಿಣದಂತಿತ್ತು. ಕೊಡಲಿ ಮೊಳೆಗೆ ತಾಗಿ ಕಿಡಿ ಹಾರಿದಾಗೆಲ್ಲ ಮಂಜಿನೊಳಗೆ ಯಾರೋ ನರಳಿದಂತೆ ಕೇಳಿತು. ಒಣಮರ ಹಾಗೇ, ಎಂದುಕೊಂಡಳು. ಅಂಗೈಯ ಬೊಕ್ಕೆ ಒಡೆದು ಕೊಡಲಿಯ ಹಿಡಿ ಒದ್ದೆಯಾಯಿತು. ಕೊಂಬೆ ಬಿತ್ತು.

ಅಂಗಳದಲ್ಲಿ ಹೊಗೆಯೆಲ್ಲ ಹೋಗುವತನಕ ಉರಿಸಿ, ಕೆಂಡವನ್ನು ಅಂಗೀಠಿಯೆಂಬ ಅಗ್ಗಿಷ್ಟಿಕೆಯಲ್ಲಿ ತುಂಬಿಕೊಂಡು ಒಳಗೆ ತಂದಿಟ್ಟಳು. ಕೋಣೆ ಬೆಚ್ಚಗಾಯಿತು. ಮಗುವಿನ ತುಟಿಗೆ ಬಣ್ಣ ಮರಳಿತು. ಸುಜಾತಾ ಗೋಡೆಗೊರಗಿ ಅತ್ತಳು. ಗೆದ್ದೆನೆಂಬ ಅಳು ಅದು.

ಆಮೇಲೆ ವಾಸನೆ ಬಂತು. ಸುಟ್ಟ ಕೂದಲು. ವಾಂತಿ ಒರೆಸಿದ ಬಟ್ಟೆ. ಬೆವರಿ ಒಣಗಿದ ಹಸುಗೂಸಿನ ನೆತ್ತಿ. ಕೆಂಡದೊಳಗೆ ಏನೋ ಚಟಚಟಿಸಿತು. ಮತ್ತೆ ಕೇಳಿದಾಗ ಅದು ಕೆಮ್ಮು. ಸಣ್ಣ ಗಂಟಲಿನ ಕೆಮ್ಮು. ಒಂದಲ್ಲ.

ನಿರೀಕ್ಷಾ ಕಣ್ಣು ಬಿಟ್ಟಳು. ಹಣೆ ಮುಟ್ಟಿದ ಸುಜಾತಾ ಕೈ ಹಿಂದೆಗೆದಳು, ಬಾಣಲೆ ಮುಟ್ಟಿದಂತೆ.

"ಮಾಈ," ಎಂದು ಕರೆಯಿತು ಮಗು.

ಸುಜಾತಾಳನ್ನು ಅಲ್ಲ. ಅವಳಾಚೆ ಯಾರನ್ನೋ. ಆಮೇಲೆ ಬೇರೆ ದನಿಯಲ್ಲಿ "ಅಮ್ಮೀ" ಎಂದಿತು. ಇನ್ನೊಂದು ದನಿಯಲ್ಲಿ "ಬೀಜೀ" ಎಂದಿತು. ಸತ್ತು ಮಣ್ಣಾಗಿದ್ದ ಎಷ್ಟೋ ತಾಯಂದಿರನ್ನು ಅವಳ ಮಗಳ ಬಾಯಿ ಒಬ್ಬೊಬ್ಬರಾಗಿ ಕರೆಯುತ್ತಿತ್ತು. ತನ್ನ ತಾಯನ್ನು ಮಾತ್ರ ಕರೆಯಲಿಲ್ಲ. ಸುಜಾತಾ ಅಂಗೀಠಿಗೆ ಕೊಡಗಟ್ಟಲೆ ನೀರು ಸುರಿದಳು. ಮಾತ್ರೆ ಅರೆದು ಕುಡಿಸಿದಳು. ಒದ್ದೆ ಬಟ್ಟೆ ಹಣೆಯ ಮೇಲೆ ಹಬೆಯಾಡಿ ಒಣಗಿತು.

ಬಾಗಿಲಲ್ಲಿ ಅಮ್ಮಾಜಿ ನಿಂತಿದ್ದಳು. ಬೈಯಲಿಲ್ಲ. ಮಂತ್ರವಾದಿ ಸತ್ತು ಎಷ್ಟೋ ವರ್ಷವಾಯಿತು, ಕಟ್ಟುವುದನ್ನು ನೋಡಿ ನೋಡಿ ತನಗೆ ಗೊತ್ತಿದೆ, ಆದರೆ ಕಡಿಸಿಕೊಂಡ ಮರ ಮತ್ತೆ ಜ್ವರವನ್ನು ಹಿಡಿದಿಡುವುದಿಲ್ಲ ಎಂದಳು. ಆ ಜ್ವರಗಳಿಗೀಗ ಕೂರಲು ಜಾಗವಿಲ್ಲ. ಅದಕ್ಕೇ ಈ ಎಳೆಯ ಮೈಯಲ್ಲಿ ನುಗ್ಗಾಡುತ್ತಿವೆ. ಬೆಳಕು ಹರಿಯುವತನಕ ಮೈ ತಡೆಯಲಾರದು.

"ನನ್ನಲ್ಲಿ ಕೂರಲಿ," ಎಂದಳು ಸುಜಾತಾ.

"ಪೂರ್ತಿ ಕೇಳು ಬೇಟೀ. ದೊಡ್ಡವರ ಮೈ ತಡೆಯುತ್ತೆ, ಸಾಯಲ್ಲ. ಆದ್ರೆ ಕೂತದ್ದು ಏಳಲ್ಲ. ಮಕ್ಕಳನ್ನ ಆ ಮರ ಮುಟ್ಟೋಕೆ ಬಿಡ್ತಿರಲಿಲ್ಲ ನಾವು. ಮುಟ್ಟಿದ ಮಗುವಿಗೆ ಎಲ್ಲಾ ಮತ್ತೆ ಹತ್ತುತ್ತೆ. ನಾಳೆಯಿಂದ ನೀನೂ ಹಾಗೇ."

ಮಂಚದ ಮೇಲೆ ಮಗುವಿನ ಬೆನ್ನು ಬಿಲ್ಲಿನಂತೆ ಬಾಗಿತು. ಉಸಿರು ಸಿಕ್ಕಿಕೊಂಡಿತು.

"ಕಟ್ಟಿ ಅಮ್ಮಾಜಿ."

ಮಗುವಿನ ಫ್ರಾಕಿನ ಅಂಚು ಹರಿದರು. ಅಂಗೀಠಿಯ ಒದ್ದೆ ಬೂದಿಯಿಂದ ಮೊಳೆ ಹೆಕ್ಕಿದರು. ಬಟ್ಟೆ ಸುಜಾತಾಳ ತೋಳಿಗೆ ಸುತ್ತಿಕೊಂಡಿತು. ಮುದುಕಿಯ ತುಟಿ ಆಡತೊಡಗಿತು. ಮೊಳೆಯ ಮೊನೆ ಚರ್ಮ ಹೊಕ್ಕಿತು. ಸುಜಾತಾ ಹಲ್ಲು ಕಚ್ಚಿದಳು. ಮೊದಲನೆಯದು ಬಂತು. ಕಿವಿಯಲ್ಲಿ ಒಂದು ಅಳು. ಇನ್ನೊಂದು ಬಂತು. ಮತ್ತೊಂದು. ಎಲುಬೆಲ್ಲ ಕೆಂಡ. ನಾಲಗೆ ಒಣಗಿತು. ಕೂಸುಗಳು ಕೂಗಿದವು. ಎಲ್ಲ ಅವಳೊಳಗೇ. ನೆಲ ಸರಿಯಿತು. ಕತ್ತಲಾಯಿತು.

ಎಚ್ಚರವಾದಾಗ ಕಿಟಕಿಯಲ್ಲಿ ಬೂದು ಬೆಳಕಿತ್ತು. ಗಾಜಿನ ತುಂಬ ಇಬ್ಬನಿ ಕಟ್ಟಿತ್ತು. ಸುರಿದ ನೀರಿಗೆ ಒದ್ದೆಯಾಗಿದ್ದ ನೆಲ ಅವಳು ಬಿದ್ದಿದ್ದ ಕಡೆ ಮಾತ್ರ ಒಣಗಿತ್ತು. ಮಂಚದ ಮೇಲೆ ನಿರೀಕ್ಷಾ ಎದ್ದು ಕೂತಿದ್ದಳು. ಹಣೆಯ ಮೇಲೆ ಬೆವರಿನ ಹನಿ, ಸಣ್ಣ ಸರಾಗ ಉಸಿರು. ಕೋಣೆ ಮತ್ತೆ ಹೆಪ್ಪುಗಟ್ಟುವಷ್ಟು ತಣ್ಣಗಿತ್ತು.

"ಅಮ್ಮಾ," ಎಂದಿತು ಮಗು. ತನ್ನದೇ ದನಿ. "ಚಳಿ ಆಗ್ತಿದೆ. ನನ್ನ ಎತ್ಕೋ."

ಮಂಚದಿಂದ ಇಳಿದು, ಕೈ ಚಾಚಿ, ಅವಳತ್ತ ಬಂತು.

ಸುಜಾತಾ ಎದ್ದು ನಿಂತು, ಎರಡೂ ಕೈಗಳನ್ನು ಬೆನ್ನ ಹಿಂದೆ ಬಿಗಿಯಾಗಿ ಹಿಡಿದುಕೊಂಡು ಒಂದು ಹೆಜ್ಜೆ ಹಿಂದೆ ಸರಿದಳು. ಮಗು ಇನ್ನೊಂದು ಹೆಜ್ಜೆ ಇಟ್ಟಿತು. ಬೆನ್ನಿಗೆ ಗೋಡೆ ಸಿಕ್ಕಿತು.

"ಬರ್ಬೇಡ," ಎಂದಳು ಸುಜಾತಾ.