ಹದಗಣಕ ಕೇಳಿಸಿಕೊಂಡದ್ದು

"ಹದಕ್ಕೆ ಇನ್ನು ನಾಲ್ಕು ನಿಮಿಷ" ಎಂದು ಹದಗಣಕ ಹೇಳಿತು. ನಾಲ್ಕು ನಿಮಿಷ ಕಳೆದ ಮೇಲೂ ಅದನ್ನೇ ಹೇಳಿತು.

ಗಾಜಿನ ಬಾಗಿಲಿನಾಚೆ ನಿಂತಿದ್ದ ಗದಿಗೆಪ್ಪನ ಕಿವಿ ನಿಮಿರಿತು. ಹುಬ್ಬಳ್ಳಿಯ ಔಷಧ ಕಾರ್ಖಾನೆಗಳಲ್ಲಿ ಕೈಯಲ್ಲೇ ಹದ ನೋಡುವವನೆಂದರೆ ಈಗ ಅವನೊಬ್ಬನೇ. ಇಪ್ಪತ್ತೊಂದು ವರ್ಷ ನೆಗಡಿ ಮಾತ್ರೆಯ ಪುಡಿ ಕಲಸಿದವನು. ಇವತ್ತಿನ ಪರೀಕ್ಷೆಯಲ್ಲಿ ಹದಗಣಕ ಗೆದ್ದರೆ ನಾಳೆಯಿಂದ ಅವನು ಡಬ್ಬಿಗೆ ಚೀಟಿ ಅಂಟಿಸುವ ವಿಭಾಗಕ್ಕೆ.

ಮಾತ್ರೆಯ ಗುಟ್ಟೆಲ್ಲ ಕಣಗೂಡಿಕೆಯಲ್ಲಿದೆ. ಪುಡಿಗೆ ಅಂಟುದ್ರವ ಬೆರೆಸಿ ತಿರುವಿದರೆ ಅದು ಕಾಳುಕಾಳಾಗುತ್ತದೆ. ದ್ರವ ಕಡಿಮೆಯಾದರೆ ಮಾತ್ರೆ ಬೆರಳಲ್ಲೇ ಪುಡಿ. ತಿರುವಿದ್ದು ಹೆಚ್ಚಾದರೆ ಹೊಟ್ಟೆಯಲ್ಲೂ ಕರಗದ ಕಲ್ಲು. ನಡುವಿನ ಒಂದು ಗಳಿಗೆಯೇ ಹದ. ವಿಜ್ಞಾನಿ ವಾರಿಜಾ ಆರು ತಿಂಗಳು ಮಿಕ್ಸರ್ ಕೋಣೆಯಲ್ಲಿ ಮೈಕು ನೇತುಹಾಕಿ, ನಾನೂರು ಸಲದ ಸದ್ದು ಹಿಡಿದು, ಆ ಗಳಿಗೆಯನ್ನು ಮೊದಲೇ ಹೇಳುವ ಮುನ್ಸೂಚಕ ಮಾದರಿ ಕಟ್ಟಿ ಹದಗಣಕವೆಂದು ಹೆಸರಿಟ್ಟಿದ್ದಳು. ಅದು ಒಮ್ಮೆಯೂ ತಪ್ಪಿರಲಿಲ್ಲ. "ಇವತ್ತು ಒಳಗೆ ಯಾರೂ ಬೇಡ" ಎಂದು ಗದಿಗೆಪ್ಪನನ್ನು ಹೊರಗೆ ನಿಲ್ಲಿಸಿ, ತಾನೂ ಪಕ್ಕದಲ್ಲೇ ನಿಂತಿದ್ದಳು.

"ಹದಾ ಬಂತ್ರೀ ಮೇಡಂ. ಮೀರಾಕತ್ತೈತಿ!"

"ಯಂತ್ರ ಇನ್ನೂ ಹೇಳಿಲ್ಲ, ಗದಿಗೆಪ್ಪನವರೇ."

"ಅದೇನ್ ಹೇಳ್ತೈತ್ರಿ! ಕಂಡಕ್ಟರ್ 'ಇನ್ನೇನ್ ಬಿಟ್ಟ್ವಿ' ಅಂದಂಗಾತು."

ಸುಮ್ಮನಿದ್ದರೆ ಯಂತ್ರ ಸೋಲುತ್ತದೆ, ಅವನ ಜಾಗ ಉಳಿಯುತ್ತದೆ. ಆದರೆ ಒಳಗೆ ಇನ್ನೂರು ಕಿಲೋ ಔಷಧ ಕಲ್ಲಾಗುತ್ತಿದೆ. ತಡೆಯಲಾರದೆ ಗದಿಗೆಪ್ಪ ಬಾಗಿಲು ಸರಿಸಿ ತಲೆ ತೂರಿಸಿದ. "ಹದಕ್ಕ ಬಂದಾಗ ಹಿಂಗ ಅಂತೈತಿ, ಕೇಳು ಮಾರಾಯಾ" ಎಂದು ಯಂತ್ರಕ್ಕೇ ಪಾಠ ಮಾಡಿದ: "ಗರ್ರ್... ಗರ್ರ್... ಗುಂಯ್ಯ್!"

"ಹದ ಬಂದಿದೆ" ಎಂದು ಹದಗಣಕ ಥಟ್ಟನೆ ಮಿಕ್ಸರ್ ನಿಲ್ಲಿಸಿತು.

ವಾರಿಜಾ ಯಂತ್ರವನ್ನು ನೋಡಿದಳು, ಅವನನ್ನು ನೋಡಿದಳು. "ಆರು ತಿಂಗಳೂ ಹೀಗೇ ಮಾಡ್ತಿದ್ರಾ?"

"ಹೂಂನ್ರೀ. ಮಿಕ್ಸರ್ ಒಂದಽ ಹಾಡಿದ್ರ ಅದಕ್ಕೂ ಬ್ಯಾಸರಾಗೂದಿಲ್ಲೇನ್ರಿ? ಜೋಡಿ ನಾನೂ ಒಂದೀಟು..."

ನಾನೂರು ಸಲವೂ ಮೈಕಿಗೆ ಚೆನ್ನಾಗಿ ಕೇಳಿಸಿದ್ದು ಪುಡಿಯಲ್ಲ, ಗದಿಗೆಪ್ಪ. ಗಣಕ ಕಲಿತದ್ದು ಬರೀ ಅಣಕ!

ಗದಿಗೆಪ್ಪ ಅಷ್ಟರಲ್ಲಿ ಒಂದು ಹಿಡಿ ಕಾಳು ತೆಗೆದು ಮುಷ್ಟಿಯಲ್ಲಿ ಒತ್ತಿ ಮುರಿದಿದ್ದ. "ಉಳೀತ್ರೀ. ಸ್ವಲ್ಪದ್ರಾಗ ಉಳೀತು."

ವಾರಿಜಾ ವರದಿ ತೆರೆದು, ಯಂತ್ರದ ಬಿಡಿಭಾಗಗಳ ಪಟ್ಟಿಯಲ್ಲಿ ಮೈಕಿನ ಕೆಳಗೆ ಬರೆದಳು: "ಗದಿಗೆಪ್ಪ, ಒಂದು. ಬದಲಿ ಸಿಗುವುದಿಲ್ಲ."

ಅವನು ಬಗ್ಗಿ ಓದಿ, ಮೆಲ್ಲಗೆ ಕೇಳಿದ: "ಮೇಡಂ, ನನಗ ನೆಗಡಿ ಬಂದು ಗಂಟಲಾ ಕಟ್ಟಿದ್ರ?"

ವಾರಿಜಾ ಕ್ಷಣ ಯೋಚಿಸಿ ಇನ್ನೊಂದು ಸಾಲು ಸೇರಿಸಿದಳು: "ನೆಗಡಿ ಮಾತ್ರೆ, ಊಟವಾದ ಮೇಲೆ."