"ಅವರ ಫೈಲ್ ನಾನು ನೋಡಲ್ಲ ಮೇಡಂ!" ಅವಳು ಹಾಗೆನ್ನುವ ದಿನ ಬಂದದ್ದು ಆಮೇಲೆ. ಎಲ್ಲ ಶುರುವಾದದ್ದು ಲಿಫ್ಟಿನಲ್ಲಿ.

"ಯಾರಾದ್ರೂ ಇದ್ದೀರಾ...? ಬಾಗಿಲು ತೆಗೀರಿ!"

ಲಿಫ್ಟ್ ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತ್ತು. ಒಳಗೆ ಅವಳೊಬ್ಬಳೇ. ಬಾಗಿಲಿಗೆ ದಬದಬ ಬಡಿಯುತ್ತಿದ್ದಳು.

"ಮೇಡಂ, ನಾನು ಲಿಫ್ಟ್ ಮೆಕ್ಯಾನಿಕ್, ಇಲ್ಲೇ ಹೊರಗಿದ್ದೀನಿ. ಒಂದು ಮಾತು ಹೇಳಿ, ನಿಮಗೆ ಸಿಕ್ಕಾಪಟ್ಟೆ ಕೋಪ ಬರಿಸೋರು ಯಾರು?"

"ಇದೇನ್ರೀ ಪ್ರಶ್ನೆ! ಸದ್ಯಕ್ಕೆ ನೀವೇ!"

"ಹಾಂ, ಹಾಗೇ ಬೈತಾ ಇರಿ. ಕೋಪ ಬಂದೋರಿಗೆ ಭಯ ನೆನಪಾಗಲ್ಲ."

ಬೈದಳು. ಮನಸಾರೆ ಬೈದಳು! ಬಾಗಿಲು ತೆರೆದಾಗ ಗ್ರೀಸ್ ಮೆತ್ತಿದ ಕೈಯೊಂದು ಚಾಚಿಕೊಂಡಿತ್ತು, ಅದರ ಹಿಂದೆ ನಗುವ ಎರಡು ಕಣ್ಣು. ನಾಚಿಕೆಯಲ್ಲಿ ಥ್ಯಾಂಕ್ಸ್ ಹೇಳುವುದೂ ಅವಳಿಗೆ ಮರೆತುಹೋಯಿತು.

ಅವಳ ಕೆಲಸ ಅದೇ ಕಟ್ಟಡದಲ್ಲಿ, ವಿಶ್ವವಿದ್ಯಾಲಯದ ಪ್ರವೇಶ ವಿಭಾಗದಲ್ಲಿ. ಬೇರೆ ಕಡೆ ಓದಿ ಬಂದವರ ಕ್ರೆಡಿಟ್‌ಗಳನ್ನು, ಅಂದರೆ ಮುಗಿಸಿದ ಕೋರ್ಸ್‌ಗಳ ಲೆಕ್ಕವನ್ನು, ತೂಗಿ ನೋಡಿ, ಇವರನ್ನು ಎಂ.ಎ.ಗೆ ಸೇರಿಸಿಕೊಳ್ಳಬಹುದೋ ಇಲ್ಲವೋ ಎಂದು ಹೇಳಬೇಕಿತ್ತು. ಅಲ್ಲಿನ ಲಿಫ್ಟ್‌ಗಳೋ ಮುದಿ ಲಿಫ್ಟ್‌ಗಳು, ಅವನು ಪದೇ ಪದೇ ಬರುತ್ತಿದ್ದ. ಲಿಫ್ಟ್ ಕೆಟ್ಟಿತೆಂದು ಇಡೀ ಕಚೇರಿ ಗೊಣಗುತ್ತಿದ್ದರೆ, ಇವಳೊಬ್ಬಳು ಕನ್ನಡಿ ಹುಡುಕುತ್ತಿದ್ದಳು!

ಒಂದು ಮಧ್ಯಾಹ್ನ ಅವನು ಮೆಟ್ಟಿಲ ಮೇಲೆ ಕೂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಮೊಬೈಲಿನಲ್ಲಿ ಮುಳುಗಿಹೋಗಿದ್ದ.

"ಏನು, ಸಿನಿಮಾನಾ?"

"ಪಾಠ ಮೇಡಂ. ಮನಶ್ಶಾಸ್ತ್ರ." ಅವನು ಗಡಬಡಿಸಿ ಎದ್ದ. "ಹದಿನೆಂಟರಲ್ಲಿ ಓದು ತಲೆಗೆ ಹತ್ತಲಿಲ್ಲ, ಕಾಲೇಜು ಬಿಟ್ಟು ಓಡಿದೆ. ಈಗ ಮೂವತ್ತು ದಾಟಿದ ಮೇಲೆ ಹಸಿವು! ಆನ್‌ಲೈನ್‌ನಲ್ಲಿ ಒಂದೊಂದೇ ಕೋರ್ಸ್ ಮುಗಿಸಿ, ಕ್ರೆಡಿಟ್ ಕೂಡಿಸಿ ಕೂಡಿಸಿ ಡಿಗ್ರಿ ಮಾಡ್ಕೋತಿದ್ದೀನಿ. ಇದೊಂದೇ ಬಾಕಿ. ಸಂಖ್ಯಾಶಾಸ್ತ್ರದಲ್ಲಿ ಮಾತ್ರ ಎರಡು ಸಲ ಡುಮ್ಕಿ ಹೊಡೆದು ಮೂರನೇ ಸಲ ಪಾಸಾದೆ."

"ಮನಶ್ಶಾಸ್ತ್ರಾನೇ ಯಾಕೆ?"

"ಲಿಫ್ಟಲ್ಲಿ ಸಿಕ್ಕಿಹಾಕ್ಕೊಂಡೋರ್ನ ನೋಡಿ ನೋಡಿ. ಕೆಲವರು ಅಳ್ತಾರೆ, ಕೆಲವರು ಹಾಡ್ತಾರೆ, ಕೆಲವರು... ಬೈತಾರೆ." ಅವನು ನಕ್ಕ. "ಬಾಗಿಲು ತೆಗೆದ್ರೆ ಸಾಕಾಗಲ್ಲ ಮೇಡಂ. ಹೊರಗೆ ಬಂದ ಮೇಲೂ ನಡುಗ್ತಿರ್ತಾರೆ. ಅವರಿಗೇನು ಹೇಳ್ಬೇಕು ಅಂತ ನನಗೆ ಗೊತ್ತಾಗ್ಬೇಕು."

ಅಬ್ಬಾ, ಇವನೆಂಥವನಪ್ಪ! ಅವಳ ಎದೆ ತುಂಬಿ ಬಂತು. ಬೆನ್ನು ತಟ್ಟುವ ಮೇಷ್ಟ್ರಿಲ್ಲ, ಜೊತೆಗೆ ಕೂತು ಓದುವ ಗೆಳೆಯರಿಲ್ಲ. ದಿನವಿಡೀ ಗ್ರೀಸು, ಕೇಬಲ್ಲು, ಜನರ ಬೈಗುಳ... ಆದರೂ ಹಿಡಿದ ಹಟ ಬಿಟ್ಟಿಲ್ಲವಲ್ಲ!

"ಮುಗಿದ ತಕ್ಷಣ ಎಂ.ಎ.ಗೆ ಅರ್ಜಿ ಹಾಕಿ."

"ಆನ್‌ಲೈನ್ ಕ್ರೆಡಿಟ್‌ಗೆ ಯಾರು ಬೆಲೆ ಕೊಡ್ತಾರೆ ಮೇಡಂ?"

"ಹಾಕಿ ರೀ. ನಾನಿದ್ದೀನಲ್ಲ!"

ಆ ಒಂದು ಮಾತೇ ಎಡವಟ್ಟಾಯಿತು ನೋಡಿ.

ಅರ್ಜಿ ಬಂತು. ನೇರ ಅವಳ ಮೇಜಿಗೇ ಬಂತು. ತೆರೆದರೆ ಅಕ್ಷರ ಕಾಣುತ್ತಿಲ್ಲ, ಬರೀ ಅವನ ಮುಖ! 'ಅಯ್ಯೋ... ಓದದೇನೇ ಪಾಸ್ ಮಾಡೋಕೆ ಹೊರಟಿದ್ದೀನಲ್ಲ ನಾನು!' ಫೈಲ್ ಎತ್ತಿಕೊಂಡು ಸೀದಾ ವಿಭಾಗದ ಮುಖ್ಯಸ್ಥೆಯ ಕೋಣೆಗೆ ನಡೆದಳು. ಕಚೇರಿಯವರು ಅವರಿಗಿಟ್ಟ ಹೆಸರು ಕತ್ತರಿ ಮೇಡಂ. ಆನ್‌ಲೈನ್ ಕ್ರೆಡಿಟ್ ಎಂದರೆ ಸಾಕು, ಏನು ಕಲಿಸಿದರು, ಪರೀಕ್ಷೆ ಹೇಗೆ ನಡೆಸಿದರು ಎಂದು ಎಲ್ಲವನ್ನೂ ಜಾಲಾಡುವವರು.

"ಅವರ ಫೈಲ್ ನಾನು ನೋಡಲ್ಲ ಮೇಡಂ. ದಯವಿಟ್ಟು ನೀವೇ ನೋಡಿ."

ಕತ್ತರಿ ಮೇಡಂ ಫೈಲ್ ಇಟ್ಟುಕೊಂಡರು. "ಫಲಿತಾಂಶ ಬರೋವರೆಗೂ ಅವನ ಜೊತೆ ಒಂದು ಮಾತೂ ಆಡೋ ಹಾಗಿಲ್ಲ" ಎಂದು ಮಾತು ತೆಗೆದುಕೊಂಡರು.

ಅರ್ಜಿ ಏನಾಯಿತೆಂದು ವಿಚಾರಿಸಲು ಬಂದವನಿಗೆ ಗುಮಾಸ್ತರು ಸುದ್ದಿ ಮುಟ್ಟಿಸಿದರು. "ನಿಮ್ಮದಾ? ಆ ಮೇಡಂ ನೋಡಲ್ಲ ಅಂದುಬಿಟ್ರಂತೆ. ಕತ್ತರಿ ಮೇಡಂ ಕೈಗೆ ಹೋಗಿದೆ. ಆಸೆ ಇಟ್ಕೋಬೇಡಿ."

ಮೆಟ್ಟಿಲಲ್ಲೇ ಅವಳು ಎದುರಾದಳು. ಅವನ ಮುಖ ಸಪ್ಪಗಾಗಿತ್ತು.

"ನಾನಿದ್ದೀನಿ ಅಂದೋರು ನೀವೇ ಅಲ್ವಾ ಮೇಡಂ? ಮೊಬೈಲಲ್ಲಿ ಓದಿದ್ದು ನಿಮಗೂ ಓದು ಅನಿಸ್ಲಿಲ್ವಾ?"

ಹೇಳಬೇಕು... ಹೇಳುವಂತಿಲ್ಲ! ತಲೆ ತಗ್ಗಿಸಿ ದಾಟಿಹೋದಳು. ಆಮೇಲೆ ಲಿಫ್ಟ್ ಕೆಟ್ಟರೆ ಬೇರೆ ಮೆಕ್ಯಾನಿಕ್ ಬರತೊಡಗಿದ.

"ಯಾಕೇ, ತಟ್ಟೆ ಮುಂದಿಟ್ಕೊಂಡು ಗೋಡೆ ನೋಡ್ತಿದ್ದೀಯ?" ಮನೆಯಲ್ಲಿ ಅಕ್ಕ ರೇಗಿದಳು.

"ಕತ್ತರಿ ಮೇಡಂ ಆಗಲ್ಲ ಅಂದ್ರೆ ಇಷ್ಟು ವರ್ಷದ ಓದು ನೀರುಪಾಲಾಗುತ್ತಲ್ಲ ಅಕ್ಕಾ..."

"ಗಟ್ಟಿ ಓದಾದ್ರೆ ಯಾವ ಕತ್ತರೀನೂ ಏನೂ ಮಾಡಲ್ಲ. ಸುಮ್ನೆ ಉಣ್ಣು."

ಅವಳು ತಟ್ಟೆ ಪಕ್ಕಕ್ಕೆ ಸರಿಸಿದಳು. ಅವನ ಓದಿನ ಮೇಲೆ ಅವಳಿಗೆ ಅನುಮಾನವಿರಲಿಲ್ಲ. ಆದರೆ ಸೀಟು ಸಿಗದಿದ್ದರೆ ಅವನು ಈ ಜನ್ಮದಲ್ಲಿ ತನ್ನನ್ನು ಕ್ಷಮಿಸುವನೇ?

ಕೊನೆಗೊಂದು ಬೆಳಿಗ್ಗೆ ಕತ್ತರಿ ಮೇಡಂ ಕರೆದರು.

"ನೋಡಮ್ಮ, ಒಂದೂ ಬಿಡದೆ ಜಾಲಾಡಿದೆ. ಸಂಖ್ಯಾಶಾಸ್ತ್ರ ಮಾತ್ರ ಇಲ್ಲಿ ಕೂತು ಇನ್ನೊಮ್ಮೆ ಓದ್ಲಿ. ಉಳಿದದ್ದೆಲ್ಲ ಅಪ್ಪಟ ಓದು. ಮೆಚ್ಚಿದೆ! ಸೀಟು ಕೊಟ್ಟು ಅವನಿಗೂ ತಿಳಿಸಿದ್ದೀನಿ."

ಅವಳ ಕಣ್ಣು ತುಂಬಿತು. "ಈಗ ಮಾತಾಡ್ಬಹುದಾ ಮೇಡಂ?"

"ಇನ್ನೂ ಇಲ್ಲೇ ಇದ್ದೀಯಾ? ಓಡು!"

ಅವನು ಗೇಟಿನ ಬಳಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಿಂತಿದ್ದ. ಅವಳನ್ನು ಕಂಡು ಮುಖ ಬಿಗಿದುಕೊಂಡ.

"ಸೀಟು ಸಿಕ್ತು ಮೇಡಂ. ನೀವು ಬೇಡ ಅಂದ್ರೂ ಸಿಕ್ತು."

"ನಾನೆಲ್ಲಿ ಬೇಡ ಅಂದೆ! ನಾನು ನೋಡಿದ್ದಿದ್ರೆ ಕಣ್ಣು ಮುಚ್ಕೊಂಡು ಸೀಟು ಕೊಟ್ಬಿಡ್ತಿದ್ದೆ. ನಾಳೆ ಯಾರಾದ್ರೂ, ಆ ಹುಡುಗಿಯಿಂದ ಸೀಟು ಗಿಟ್ಟಿಸಿದ ಅಂದಿದ್ರೆ? ಒಬ್ಬರೇ ಕೂತು ಓದಿದ್ದೀರ. ಆ ಹೆಸರು ಪೂರ್ತಿ ನಿಮ್ಮದೇ ಆಗ್ಬೇಕು ಅನ್ನಿಸ್ತು."

ಅವನ ಬಿಗಿದ ಮುಖ ಸಡಿಲವಾಯಿತು. "ಮತ್ತೆ... ಮಾತು ಯಾಕೆ ಬಿಟ್ರಿ?"

"ಹತ್ತಿರದವರ ಅರ್ಜಿ ಇದ್ದಾಗ ಮಾತಾಡೋ ಹಾಗಿಲ್ಲ."

"ಹತ್ತಿರದವರಾ? ನಾನಾ?"

ಅವಳ ಕಿವಿ ಕೆಂಪಗಾಯಿತು. "ಕತ್ತರಿ ಮೇಡಂ ಕೂಡ ಕೇಳಿದ್ರು, ಅವನು ನಿನಗೇನಾಗ್ಬೇಕು ಅಂತ."

"ನೀವೇನಂದ್ರಿ?"

"ಸದ್ಯಕ್ಕೆ ಏನೂ ಇಲ್ಲ ಮೇಡಂ... ಅವರು ಒಪ್ಪಿದ್ರೆ ಮದುವೆ ಆಗ್ತೀನಿ ಅಂದೆ."

ಅವನು ಗೇಟಿನ ಕಟ್ಟೆಯ ಮೇಲೆ ಕುಸಿದು ಕೂತ.

"ನನಗಿಂತ ಮೊದಲು ಅವರಿಗೆ ಹೇಳಿದ್ರಾ?"

"ಹೂಂ..."

"ಹಾಗಾದ್ರೆ ಹೋಗಿ ಹೇಳಿ, ಅವನು ಒಪ್ಪಿದ್ದಾನೆ ಅಂತ."

"ಅವರಿಗೆ ಆಮೇಲೆ ಹೇಳೋಣ." ಅವಳು ಅವನ ಪಕ್ಕದಲ್ಲಿ ಕೂತಳು. "ಮೊದಲು ನನಗೆ ಹೇಳಿ."

"ಒಪ್ಪಿದ್ದೀನಿ ಕಣ್ರೀ... ಯಾವತ್ತೋ ಒಪ್ಪಿದ್ದೀನಿ."