ಆ ಬೇಸಿಗೆಯ ನಾಲ್ಕನೆಯ ಗುಂಡು

"ಪ್ಯಾಂಟು ಕತ್ತರಿಸಿ, ಸಿಸ್ಟರ್. ಬೂಟು ಮಾತ್ರ ಬೇಡ... ಹೊಸದು."

ತೊಡೆಯಿಂದ ರಕ್ತ ಸುರಿಯುತ್ತಿದ್ದರೂ ಬೂಟಿನ ಚಿಂತೆ! ನರ್ಸ್ ವೆಲ್ಡಾ ಕತ್ತರಿ ಎತ್ತಿಕೊಂಡಳು.

ಕ್ಯಾನ್ಸಾಸ್‌ನ ಆ ಪುಟ್ಟ ಆಸ್ಪತ್ರೆಗೆ 1959ರ ಬೇಸಿಗೆಯಲ್ಲಿ ಬಂದ ನಾಲ್ಕನೆಯ ಗುಂಡೇಟು ಇದು. ಶನಿವಾರ ಸಂಜೆ ಟೀವಿಯಲ್ಲಿ ಕೌಬಾಯ್ ಧಾರಾವಾಹಿಯ ಶೆರಿಫ್ ಟೋಬಿನ್ ಬಂದರೆ ಊರಿನ ಬೀದಿ ಖಾಲಿ. ಪಾದ್ರಿಯ ಪ್ರವಚನದಲ್ಲೂ ಅವನದೇ ಉದಾಹರಣೆ. ಭಾನುವಾರ ಚರ್ಚು ಮುಗಿಸಿದ ಗಂಡಸರು ಕಣಜದ ಹಿಂದೆ ನಿಂತು, ಅವನಂತೆ ರೆಪ್ಪೆ ಬಡಿಯುವಷ್ಟರಲ್ಲಿ ಪಿಸ್ತೂಲು ಎಳೆಯುತ್ತಿದ್ದರು. ಅದು ಸೊಂಟದ ಚೀಲ ಬಿಟ್ಟು ಬರುವ ಮೊದಲೇ ಟ್ರಿಗರ್ ಒತ್ತುತ್ತಿದ್ದರು; ಗುಂಡು ಅವರದೇ ಕಾಲಿಗೆ.

ಟೀವಿಯಲ್ಲಿ ರಕ್ತ ಕಾಣುವುದಿಲ್ಲ.

ಹೋದ ವರ್ಷ ಹಾಗೆಯೇ ಗುಂಡು ತಗುಲಿ, ಇದೇ ಆಸ್ಪತ್ರೆಯಲ್ಲಿ ಸತ್ತವನು ಲೈಲ್. ವೆಲ್ಡಾ ಅವನನ್ನು ಮದುವೆಯಾಗಬೇಕಿತ್ತು.

'ಇವನೂ ನನ್ನ ಕೈಯಲ್ಲೇ ಹೋದರೆ?'

"ನೀವೂ ಶೆರಿಫ್ ಆಗೋಕೆ ಹೋದ್ರಾ?" ಅವಳ ದನಿ ಒರಟಾಯಿತು.

"ಹೂಂ. ಕೈ ಚುರುಕು ಸಾಲಲಿಲ್ಲ," ಎಂದ ಗಾಯಾಳು ಓರಿನ್.

"ಗಾಯ ಒತ್ತಿ ಹಿಡಿ, ಬಿಡಬೇಡ," ಎಂದರು ಡಾಕ್ಟರು.

ಒತ್ತಿದಳು. ಬೆರಳ ಸಂದಿಯಲ್ಲಿ ಬಿಸಿ ರಕ್ತ... ಆಗ ಕಂಡಿತು. ಸೊಂಟದ ಪಿಸ್ತೂಲಿನ ಗುಂಡು ತೊಡೆಯುದ್ದಕ್ಕೆ ಕೆಳಗಿಳಿಯುತ್ತದೆ. ಇದು ಮುಂದಿನಿಂದ ಹಿಂದಕ್ಕೆ ನೇರ ಹೋಗಿತ್ತು.

ಇವನಿಗೆ ಬೇರೆ ಯಾರೋ ಹೊಡೆದಿದ್ದಾರೆ.

ಓರಿನ್‌ನ ಕಣ್ಣುಗಳು ಮುಚ್ಚಿಕೊಂಡವು. ರಕ್ತ ನಿಲ್ಲಲು ಮುಕ್ಕಾಲು ಗಂಟೆ ಹಿಡಿಯಿತು.

ಹೊರಗೆ ಬೆಂಚಿನ ಮೇಲೆ ಅವನ ಮುದಿ ಅಪ್ಪ ಕೂತಿದ್ದ.

"ಇದ್ದಾನೇನಮ್ಮಾ?"

"ಇದ್ದಾರೆ. ಹೊಡೆದಿದ್ದು ಯಾರು?"

ಮುದುಕ ನೆಲ ನೋಡಿದ. "ನಾನೇ. ಟೋಬಿನ್ ಥರ ಗಿರಕ್ಕನೆ ತಿರುಗಿ ಎಳೆದೆ... ಹಿಂದೆ ಇವನು ಕಾಫಿ ಹಿಡ್ಕೊಂಡು ನಿಂತಿದ್ದ. ಯಾರಿಗೂ ಹೇಳ್ಬೇಡ ಅಂದ."

ಮರುದಿನ ಬೆಳಿಗ್ಗೆ ಓರಿನ್ ಕಣ್ಣು ಬಿಟ್ಟಾಗ ಅವಳು ಪಕ್ಕದಲ್ಲೇ ನಿಂತಿದ್ದಳು.

"ಸುಳ್ಳು ಯಾಕೆ ಹೇಳಿದ್ರಿ?"

"ಊರು ನನ್ನನ್ನ ನೋಡಿ ನಕ್ಕರೆ ತಡ್ಕೋತೀನಿ. ಅಪ್ಪ ತಡ್ಕೊಳಲ್ಲ."

'ಎಂಥ ಪೆದ್ದ...' ಎಂದುಕೊಂಡಳು.

"ನೀವು ತುಂಬಾ ಹೆದರಿದ್ರಂತೆ," ಎಂದ ಓರಿನ್. "ರಾತ್ರಿ ಎಚ್ಚರವಾದಾಗ ಡಾಕ್ಟರು ಹೇಳಿದ್ರು."

"ಈಗಲೂ ಹೆದರಿಕೆ ಇದೆ."

"ಯಾಕೆ? ಬದುಕಿದೀನಲ್ಲ."

"ಅದಕ್ಕೇ. ನಾಳೆಯೂ ನಿಮ್ಮನ್ನ ನೋಡ್ಬೇಕು ಅನ್ನಿಸ್ತಿದೆ. ಮತ್ತೊಬ್ಬರನ್ನ ಕಳ್ಕೊಳೋ ಶಕ್ತಿ ನನಗಿಲ್ಲ."

ಓರಿನ್ ನೋವು ನುಂಗಿಕೊಂಡು ಸ್ವಲ್ಪ ಸರಿದು, ಹಾಸಿಗೆಯ ಅಂಚಿನಲ್ಲಿ ಜಾಗ ಮಾಡಿದ.

"ಕೂತ್ಕೊಳ್ಳಿ," ಎಂದ. "ನನಗೂ ಹೆದರಿಕೆ. ಇಬ್ಬರೂ ಸೇರಿ ಹೆದರೋಣ."

ಅವಳು ಕುಳಿತಳು.